ರೇಡಿಯೊ ಕೈಬಿಟ್ಟ ಹಾಡು ಪಟ್ಟಿಗಳ ತುದಿಗೆ ಏರಿದ್ದು ಹೇಗೆ? ಅಮೆರಿಕದ ರಾಕ್ ತಂಡ ಟಾಕಿಂಗ್ ಹೆಡ್ಸ್‌ನ ‘ಒನ್ಸ್ ಇನ್ ಎ ಲೈಫ್‌ಟೈಮ್’ (ಕೇಳುಗರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಳೆಯ ರೆಕಾರ್ಡು

2021ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಶ್ರೇಷ್ಠ ಹಾಡುಗಳ ಪಟ್ಟಿಯನ್ನು ಹೊಸದಾಗಿ ಮಾಡಿತು. ಅದರಲ್ಲಿ ಈ ಹಾಡಿಗೆ 28ನೆಯ ಸ್ಥಾನ. ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ 20ನೆಯ ಶತಮಾನದ ನೂರು ಮುಖ್ಯ ಅಮೆರಿಕನ್ ಸಂಗೀತ ಕೃತಿಗಳನ್ನು ಆರಿಸಿದಾಗಲೂ ಇದು ಆ ನೂರರೊಳಗಿತ್ತು. ಆದರೆ 1981ರ ಆರಂಭದಲ್ಲಿ ಸಿಂಗಲ್ (ಬಿಡಿ ಹಾಡಿನ ರೆಕಾರ್ಡು) ಆಗಿ ಹೊರಬಂದಾಗ ಇದೇ ಹಾಡಿಗೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಕೊನೆಯ ಸ್ಥಾನವೂ ಸಿಗಲಿಲ್ಲ. ಬ್ರಿಟನ್ನಿನವರು ಮಾತ್ರ 14ನೆಯ ಸ್ಥಾನದವರೆಗೆ ಏರಿಸಿದರು.

ವಿಮರ್ಶಕರಿಗೆ ಕಿವಿ ಇರಲಿಲ್ಲ ಎನ್ನುವಂತಿಲ್ಲ. ಹಾಡು ಇರುವ ‘ರಿಮೇನ್ ಇನ್ ಲೈಟ್’ ಆಲ್ಬಮ್ 1980ರ ಅಕ್ಟೋಬರಿನಲ್ಲಿ ಬಂದಾಗಲೇ ಅವರು ಮೆಚ್ಚಿದ್ದರು. ವಿಲೇಜ್ ವಾಯ್ಸ್ ಪತ್ರಿಕೆ ಪ್ರತಿ ವರ್ಷ ವಿಮರ್ಶಕರ ಮತ ಕೇಳಿ ಮಾಡುತ್ತಿದ್ದ ಪಟ್ಟಿಯಲ್ಲಿ ಆ ವರ್ಷ ಇದು ಮೂರನೆಯದು, ದ ಕ್ಲ್ಯಾಶ್ ಮತ್ತು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹಿಂದೆ. ಹಾಗಾಗಿ ಇದು ಅರ್ಥವಾಗದೆ ಹೋದ ಮಹಾಕೃತಿಯ ಕತೆಯಲ್ಲ.

ನನ್ನ ತಕರಾರು ಬೇರೆ. ಈ ಹಾಡಿಗೆ ಸಿಕ್ಕ ಮನ್ನಣೆಯೆಲ್ಲ ತಂಡದ ಗಾಯಕ ಡೇವಿಡ್ ಬರ್ನ್ ಅವರ ಮಾತಿಗೆ, ಮುಖಕ್ಕೆ, ಕನ್ನಡಕಕ್ಕೆ ಸಂದಾಯವಾಗಿದೆ. ಹಾಡು ಹುಟ್ಟಿದ್ದು ಅಲ್ಲಿ ಅಲ್ಲ. 1980ರ ಬೇಸಿಗೆಯಲ್ಲಿ ಈ ತಂಡ ಬಹಾಮಾಸ್‌ನ ನಸ್ಸೌ ನಗರದ ಕಂಪಾಸ್ ಪಾಯಿಂಟ್ ಸ್ಟುಡಿಯೊಗೆ ಹೋದಾಗ ಸಿದ್ಧ ಹಾಡುಗಳನ್ನು ಹೊತ್ತುಕೊಂಡು ಹೋಗಲಿಲ್ಲ. ಗಾಯಕ ಬರ್ನ್, ಬೇಸ್ ನುಡಿಸುವ ಟೀನಾ ವೇಮತ್, ಆಕೆಯ ಗಂಡ ಡ್ರಮ್ಸ್‌ನ ಕ್ರಿಸ್ ಫ್ರಾಂಟ್ಸ್, ಕೀಬೋರ್ಡಿನ ಜೆರಿ ಹ್ಯಾರಿಸನ್, ಮೇಲೆ ನಿರ್ಮಾಪಕ ಬ್ರಯನ್ ಈನೋ. ಎಲ್ಲರೂ ಕೂಡಿ ಮನಸ್ಸಿಗೆ ಬಂದಂತೆ ನುಡಿಸುವುದು, ಟೇಪ್ ಕೇಳಿ ಚೆನ್ನಾಗಿ ಬಂದ ತುಣುಕನ್ನು ಹೆಕ್ಕುವುದು, ಅದನ್ನೇ ಕಲಿತು ಒಂದಿಷ್ಟೂ ಬದಲಿಸದೆ ಮತ್ತೆ ಮತ್ತೆ ನುಡಿಸುವುದು. ಇಂದು ಕಂಪ್ಯೂಟರ್ ಮಾಡುವ ಲೂಪ್ ಕೆಲಸವನ್ನು, ಅಂದರೆ ಒಂದೇ ತುಣುಕನ್ನು ಸುತ್ತಿಸುವುದನ್ನು, ಅಂದು ಬೆರಳುಗಳು ಮಾಡಿದವು. ಸಾಹಿತ್ಯ, ಹಾಡುವ ಧಾಟಿ ಎಲ್ಲ ಆಮೇಲೆ ಬಂದವು.

ಇನ್ನೊಂದು ವಿಷಯ. ಈ ಹಾಡನ್ನು ಅರ್ಧಕ್ಕೇ ಬಿಡುವುದರಲ್ಲಿದ್ದರು. ಈನೋ ಅವರಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಬೇರ್ಪಡಿಸುವುದೇ ಕಷ್ಟವಾಗಿತ್ತು.

ವಿಮರ್ಶೆ ಇದರ ಬಗ್ಗೆ ಏಕೆ ಇಷ್ಟು ಕಡಿಮೆ ಮಾತಾಡುತ್ತದೆ?

ಖಂಡಚಾಪು

ತಾಳದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಈ ಹಾಡಿನ ಸ್ವಾರಸ್ಯ ಅಲ್ಲೇ ಇದೆ.

ಬೇಸ್ ಸಾಲು ಹುಟ್ಟಿದ ಬಗೆಯನ್ನು ಟೀನಾ ವೇಮತ್ ಹೇಳಿದ್ದಾರೆ. ಕೂಡಿ ನುಡಿಸುತ್ತಿದ್ದಾಗ ಫ್ರಾಂಟ್ಸ್ ಏನೋ ಕೂಗಿದರಂತೆ. ಆ ಕೂಗಿನ ಲಯವನ್ನೇ ಈಕೆ ತಂತಿಗೆ ಇಳಿಸಿದರು. ಕೇಳಿ ನೋಡಿ: ಕೆಲವೇ ಸ್ವರ, ಆಮೇಲೆ ತೆರಪು. ಆ ತೆರಪನ್ನು ತುಂಬುವ ಆಸೆ ಯಾವ ಬೇಸ್ ವಾದಕರಿಗಾದರೂ ಬರುತ್ತದೆ. ಈಕೆ ಹಾಡು ಮುಗಿಯುವವರೆಗೆ ತುಂಬುವುದೇ ಇಲ್ಲ. ಮೃದಂಗದಲ್ಲಿ ಸರ್ವಲಘು (ತಾಳದ ಸರಳ ನಡೆ) ನುಡಿಸುತ್ತಾ ಕೈ ಕಟ್ಟಿಕೊಂಡಿರುವುದು ಎಷ್ಟು ಕಷ್ಟ ಎಂದು ನುಡಿಸಿದವರಿಗೆ ಗೊತ್ತು.

ಎರಡನೆಯದು ಇನ್ನೂ ಸೊಗಸು. ತಂಡದವರು ಮೂರನೆಯ ಪೆಟ್ಟು ಎಂದು ಎಣಿಸುತ್ತಿದ್ದುದು ಈನೋ ಅವರ ಕಿವಿಗೆ ಒಂದನೆಯದಾಗಿ ಕೇಳಿಸಿತು. ಅದನ್ನು ಸರಿಪಡಿಸುವ ಬದಲು ಒಬ್ಬೊಬ್ಬರೂ ಬೇರೆ ಬೇರೆ ಕಡೆ ಒತ್ತು ಹಾಕಿಕೊಳ್ಳಲಿ ಎಂದು ಅವರು ಹುರಿದುಂಬಿಸಿದರು. ನಮ್ಮಲ್ಲಿ ಅತೀತ, ಅನಾಗತ ಎಡುಪು (ತಾಳದ ಮೊದಲ ಪೆಟ್ಟಾದ ಸಮಕ್ಕಿಂತ ಹಿಂದೆ ಮುಂದೆ ಹಾಡು ಎತ್ತುವುದು) ಇದೆಯಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಇದು ಅದಲ್ಲ. ಕಛೇರಿಯಲ್ಲಿ ಪಲ್ಲವಿ ಎಲ್ಲಿಂದ ಎತ್ತಿದರೂ ಸಮ ಎಲ್ಲಿದೆ ಎನ್ನುವುದರಲ್ಲಿ ಹಾಡುವವರಿಗೂ ಮೃದಂಗದವರಿಗೂ ತಕರಾರಿಲ್ಲ. ಇಲ್ಲಿ ಸಮವೇ ಎರಡು. ಸಾಮಾನ್ಯ ನಾಲ್ಕರ ಎಣಿಕೆಯ ಹಾಡು ಕಾಲಡಿಯಲ್ಲಿ ಜಾರಿದಂತೆ ಅನ್ನಿಸುವುದು ಅದಕ್ಕೇ. ಸಾಹಿತ್ಯದ ಮನುಷ್ಯ ತಾನೆಲ್ಲಿದ್ದೇನೆ ಎಂದು ಕೇಳುವ ಮೊದಲೇ ಕೇಳುಗನ ಕಾಲು ಆ ಪ್ರಶ್ನೆಯನ್ನು ಕೇಳಿಕೊಂಡಾಗಿರುತ್ತದೆ.

ಕೊನೆಯ ಬೆಂಚು

ಲಯದ ಪುರಾಣ ಚೆನ್ನಾಗಿದೆ. ಆದರೆ ಒಂದು ಸರಳ ಪ್ರಶ್ನೆಗೆ ಉತ್ತರ ಕೊಡಿ. ಅದೇ ಆಲ್ಬಮ್‌ನಲ್ಲಿ ‘ಕ್ರಾಸ್‌ಐಡ್ ಅಂಡ್ ಪೇನ್‌ಲೆಸ್’ ಇದೆ, ‘ದ ಗ್ರೇಟ್ ಕರ್ವ್’ ಇದೆ. ಅದೇ ಸ್ಟುಡಿಯೊ, ಅದೇ ಜನ, ಅದೇ ವಿಧಾನ. ಲಯದ ದಟ್ಟಣೆ ನೋಡಿದರೆ ‘ದ ಗ್ರೇಟ್ ಕರ್ವ್’ ಮುಂದೆ ಈ ಹಾಡು ಮಗುವಿನ ಆಟ. ಏಡ್ರಿಯನ್ ಬಿಲ್ಯೂ ಅವರ ಗಿಟಾರ್ ಅಲ್ಲಿ ಆನೆಯಂತೆ ಘೀಳಿಡುತ್ತದೆ. ಆದರೂ ಅದನ್ನು ತಂಡದ ಅಭಿಮಾನಿಗಳಲ್ಲದೆ ಬೇರೆ ಯಾರೂ ಗುನುಗುವುದಿಲ್ಲ. ಲಯ ಎಲ್ಲದರಲ್ಲೂ ಇದ್ದು ಒಂದೇ ಹಾಡು ನೆನಪಿನಲ್ಲಿ ನಿಂತಿದೆ ಎಂದರೆ ಅದನ್ನು ನಿಲ್ಲಿಸಿದ್ದು ಲಯವಲ್ಲ ಎಂದಾಯಿತು.

ನಿಲ್ಲಿಸಿದ್ದು ಮಾತು, ಮತ್ತು ಅದನ್ನು ಹೇಳಿದ ಧ್ವನಿ. ಬರ್ನ್ ಆಗ ರೇಡಿಯೊದಲ್ಲಿ ಬರುತ್ತಿದ್ದ ಕ್ರೈಸ್ತ ಬೋಧಕರ ಪ್ರವಚನಗಳನ್ನು ಕಿವಿಗೊಟ್ಟು ಕೇಳುತ್ತಿದ್ದರು. ಈನೋ ಜೊತೆ ಅವರು ಮಾಡಿ 1981ರಲ್ಲಿ ಹೊರತಂದ ‘ಮೈ ಲೈಫ್ ಇನ್ ದ ಬುಷ್ ಆಫ್ ಗೋಸ್ಟ್ಸ್’ ಆಲ್ಬಮ್‌ನಲ್ಲಿ ಅಂಥ ಧ್ವನಿಮುದ್ರಣಗಳನ್ನೇ ತೆಗೆದು ಸಂಗೀತದ ಮೇಲೆ ಕೂರಿಸಿದ್ದಾರೆ. ಅದರ ಬಹುಪಾಲು ಕೆಲಸ ನಸ್ಸೌಗೆ ಹೋಗುವ ಮೊದಲೇ ಆಗಿತ್ತು. ಅಲ್ಲಿ ಬೇರೆಯವರ ಪ್ರವಚನ, ಇಲ್ಲಿ ತಾವೇ ಪ್ರವಚನಕಾರ. ಮನೆ, ಕಾರು, ಸಂಸಾರ ಎಲ್ಲ ಬಂದು ಕೂತಿದೆ, ಹೇಗೆ ಬಂತೆಂದು ಮಾತ್ರ ಗೊತ್ತಿಲ್ಲ ಎಂದು ಭಕ್ತರನ್ನು ಎಚ್ಚರಿಸುವ ಧಾಟಿಯಲ್ಲಿ ಒಬ್ಬ ಕಿರುಚುತ್ತಾನೆ. ನಲವತ್ತು ದಾಟಿದವರಿಗೆ ಇದು ನೇರ ಎದೆಗೇ ನಾಟುತ್ತದೆ. ವಿಮರ್ಶಕರಿಗೂ ನಲವತ್ತು ದಾಟಿತು, ಪಟ್ಟಿಗಳೂ ಬಂದವು. ಇದರಲ್ಲಿ ಒಗಟೇನಿದೆ?

ಹಳೆಯ ರೆಕಾರ್ಡು

ಕೊನೆಯ ಬೆಂಚು ಅವರೇ, ಪ್ರಶ್ನೆ ಗಟ್ಟಿಯಾಗಿದೆ. ಆದರೆ ಉತ್ತರ ನಿಮ್ಮ ಕಡೆಗೂ ಪೂರ್ತಿ ವಾಲುವುದಿಲ್ಲ. ಈ ಹಾಡನ್ನು ಉಳಿದವುಗಳಿಂದ ಬೇರೆ ಮಾಡಿದ್ದು ಪಲ್ಲವಿಯ ಧಾಟಿ. ಆ ಧಾಟಿಯನ್ನು ಮಾತಿಲ್ಲದೆ ಮೊದಲು ಹಾಡಿ ಹುಡುಕಿದವರು ಈನೋ. ಅದು ಸಿಕ್ಕ ಮೇಲೆ ಹಾಡು ಕೈಗೆ ಬಂತು. ನೀರು ಗುಳುಗುಳಿಸುವಂತೆ ಕೇಳುವ ಸಿಂಥಸೈಜರ್ ಹ್ಯಾರಿಸನ್ ಅವರದು. ಕೊನೆಯಲ್ಲಿ ಉಕ್ಕಿ ಬರುವ ಆರ್ಗನ್ ಕೂಡ ಅವರದೇ. ಅದನ್ನು ಅವರು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ‘ವಾಟ್ ಗೋಸ್ ಆನ್’ ಹಾಡಿನಿಂದ ಎತ್ತಿಕೊಂಡರು. ಬಿಡಬೇಕೆಂದಿದ್ದ ಹಾಡನ್ನು ನಂಬಿ ಉಳಿಸಿಕೊಂಡವರು ಬರ್ನ್ ಎನ್ನುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಉಳಿಸಿಕೊಂಡವನೂ ಕಟ್ಟಿದವನೂ ಒಬ್ಬನೇ ಎಂದು ಬರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮಾತಿನ ಬಗ್ಗೆಯೇ ಹೇಳುವುದಾದರೆ, ವಿಮರ್ಶಕರು ಅದನ್ನೂ ತಮಗೆ ಬೇಕಾದಂತೆ ಓದಿಕೊಂಡಿದ್ದಾರೆ. ರೇಗನ್ ಕಾಲದ ಹಣದಾಸೆಯ ಗೇಲಿ, ಎಂಬತ್ತರ ದಶಕದ ಉದ್ಯೋಗಸ್ಥ ಯುವಕರ ಅಣಕ ಎಂಬ ವ್ಯಾಖ್ಯಾನ ಎಷ್ಟು ಕಡೆ ಕಾಣುತ್ತದೆ! ಕ್ಯಾಲೆಂಡರ್ ತೆಗೆದು ನೋಡಿ. ಆಲ್ಬಮ್ ಅಂಗಡಿಗೆ ಬಂದದ್ದು 1980ರ ಅಕ್ಟೋಬರ್ 8ರಂದು. ರೇಗನ್ ಚುನಾವಣೆ ಗೆದ್ದದ್ದು ನವೆಂಬರ್ 4ರಂದು. ಮಾತು ಬರೆದಾಗ ಶ್ವೇತಭವನದಲ್ಲಿ ಇದ್ದವರು ಕಾರ್ಟರ್. ಬರ್ನ್ ತಾವೇ ಎನ್‌ಪಿಆರ್‌ಗೆ ಹೇಳಿದ ಅರ್ಥ ಇನ್ನೂ ಸಾದಾ: ನಾವೆಲ್ಲ ಅರೆ ಎಚ್ಚರದಲ್ಲಿ ಬದುಕುತ್ತೇವೆ, ಮನೆ, ಕೆಲಸ, ಸಂಸಾರ ಕೂಡಿಕೊಳ್ಳುತ್ತವೆ, ಇಲ್ಲಿಗೆ ಹೇಗೆ ಬಂದೆವೆಂದು ನಿಂತು ಕೇಳಿಕೊಂಡಿರುವುದಿಲ್ಲ. ಇದರಲ್ಲಿ ಗೇಲಿ ಎಲ್ಲಿದೆ? ಆ ಗಾಯಕ ಯಾರ ಮೇಲೂ ನಗುತ್ತಿಲ್ಲ, ಗಾಬರಿಗೊಂಡಿದ್ದಾನೆ.

ಸಂಜೆ ಪಾಳಿ

ಹಾಡು ಅಮೆರಿಕದಲ್ಲಿ ಏಕೆ ಓಡಲಿಲ್ಲ ಎಂಬ ಮೂಲ ಪ್ರಶ್ನೆಯನ್ನು ಎಲ್ಲರೂ ದಾಟಿಕೊಂಡು ಹೋದಿರಿ.

ಅಲ್ಲಿನ ರೇಡಿಯೊ ನಿಲ್ದಾಣಗಳು ಆಗ ಬಣ್ಣದ ಪ್ರಕಾರ ಹಂಚಿಹೋಗಿದ್ದವು. ಬಿಳಿಯರಿಗೆ ರಾಕ್, ಕರಿಯರಿಗೆ ಸೋಲ್ ಮತ್ತು ಫಂಕ್. ಅದರ ಮೇಲೆ 1979ರ ಜುಲೈ 12ರ ಘಟನೆ ಬೇರೆ. ಷಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು, ಜನ ಮೈದಾನಕ್ಕೆ ನುಗ್ಗಿದರು, ಆ ದಿನದ ಎರಡನೆಯ ಪಂದ್ಯವನ್ನೇ ಆಡಲಾಗಲಿಲ್ಲ. ಕುಣಿಸುವ ಲಯ ಎಂದರೆ ರಾಕ್ ನಿಲ್ದಾಣಗಳು ದೂರ ಸರಿಯುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಬಿಳಿಯರ ತಂಡವೊಂದು ಆಫ್ರಿಕನ್ ಲಯದ ಮೇಲೆ ಪ್ರವಚನ ಮಾಡುವ ಹಾಡನ್ನು ತಂದಿಟ್ಟರೆ ಯಾವ ನಿಲ್ದಾಣ ಹಾಕೀತು? ರಾಕ್‌ನವರಿಗೆ ಅದು ತೀರಾ ಕುಣಿತ, ಫಂಕ್‌ನವರಿಗೆ ತೀರಾ ವಿಚಿತ್ರ.

ಇಂಥ ತಂಡಗಳಿಗೆ ಅಂಟಿಸಿದ ‘ನ್ಯೂ ವೇವ್’ ಎಂಬ ಹಣೆಪಟ್ಟಿಯೂ ರೇಡಿಯೊ ಭಯದಿಂದಲೇ ಚಾಲ್ತಿಗೆ ಬಂದದ್ದು. ಪಂಕ್ ಎಂದರೆ ನಿಲ್ದಾಣಗಳು ಬಾಗಿಲು ಹಾಕುತ್ತವೆಂದು ಸೈರ್ ರೆಕಾರ್ಡ್ಸ್ ಕಂಪನಿಯ ಸೀಮೋರ್ ಸ್ಟೀನ್ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನ ತಂಡಗಳನ್ನು ಈ ಹೆಸರಿನಲ್ಲಿ ಮಾರಲು ಹೊರಟರು. ಟಾಕಿಂಗ್ ಹೆಡ್ಸ್ 1975ರಲ್ಲಿ ಅದೇ ಕ್ಲಬ್ಬಿನಲ್ಲಿ ರಮೋನ್ಸ್ ತಂಡಕ್ಕಿಂತ ಮೊದಲು ನುಡಿಸಿ ಶುರು ಮಾಡಿದವರು. ಹೆಸರು ಬದಲಾಯಿತು, ಬಾಗಿಲು ಮಾತ್ರ ಅರ್ಧವೇ ತೆರೆಯಿತು. ಅಮೆರಿಕದ ಮೊದಲ ಹತ್ತರೊಳಗೆ ಈ ತಂಡ ಹೊಕ್ಕದ್ದು ಒಂದೇ ಸಲ, 1983ರಲ್ಲಿ, ‘ಬರ್ನಿಂಗ್ ಡೌನ್ ದ ಹೌಸ್’ ಹಾಡಿನೊಂದಿಗೆ.

ಹಾಡನ್ನು ಉಳಿಸಿದ್ದು ಟಿವಿ. 1981ರ ಆಗಸ್ಟ್ 1ರಂದು ಸಂಗೀತ ವಾಹಿನಿ ಎಂಟಿವಿ ಆರಂಭವಾದಾಗ ಅವರ ಕೈಯಲ್ಲಿ ವಿಡಿಯೊಗಳೇ ಕಡಿಮೆ. ಇದ್ದವನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿದ್ದರು. ಇವರ ಹತ್ತಿರ ಒಂದು ಒಳ್ಳೆಯದಿತ್ತು. ನೃತ್ಯ ಸಂಯೋಜಕಿ ಟೋನಿ ಬೇಸಿಲ್ ಜೊತೆ ಬರ್ನ್ ನಿರ್ದೇಶಿಸಿದ್ದು. ಬೋ ಟೈ ಕಟ್ಟಿ, ಕನ್ನಡಕ ಹಾಕಿ, ಬೆವರು ಸುರಿಸುತ್ತಾ, ಮೈಮೇಲೆ ಬಂದವರಂತೆ ಎಗರುವ ಮನುಷ್ಯ. ಮೈದುಂಬಿ ಬೀಳುವ ಭಕ್ತರ, ಬೋಧಕರ ದೃಶ್ಯಗಳನ್ನು ನೋಡಿ ಆ ಚಲನೆಗಳನ್ನು ಕಟ್ಟಿದರು. ಮುಂದೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಅದನ್ನು ತೋರಿಸಿತು.

ಕೊನೆಯ ಬೆಂಚು

ನೋಡಿ, ಕೊನೆಗೆ ಬಂದು ನಿಂತದ್ದು ಬರ್ನ್ ಮುಖಕ್ಕೇ. ನಾನು ಹೇಳಿದ್ದೂ ಇದನ್ನೇ.

ಹಳೆಯ ರೆಕಾರ್ಡು

ಮುಖದಿಂದ ಪ್ರಸಿದ್ಧಿ ಬಂತು ಎಂಬುದನ್ನು ಯಾರು ಅಲ್ಲಗಳೆದರು? ವಿಡಿಯೊದಲ್ಲಿ ಉಳಿದ ಮೂವರು ಎಲ್ಲಿದ್ದಾರೆ ಹೇಳಿ. ಹಿಂದೆ ಕುಣಿಯುವ ತಂಡವೂ ಬರ್ನ್ ಅವರದೇ ಪ್ರತಿಗಳು!

ಅರಳೀಕಟ್ಟೆ

ಇಷ್ಟು ಹೊತ್ತಾದರೂ ಫೇಲಾ ಕೂಟಿ ಹೆಸರು ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ‘ಆಫ್ರಿಕನ್ ಲಯ’ ಎಂದು ಒಂದು ಖಂಡವನ್ನೇ ಎರಡು ಪದದಲ್ಲಿ ಮುಗಿಸಿಬಿಡುವುದು ಈ ಹಾಡಿನ ವಿಮರ್ಶೆಯ ಹಳೆಯ ಚಾಳಿ.

ನೈಜೀರಿಯಾದ ಫೇಲಾ ಅವರ 1973ರ ‘ಅಫ್ರೋಡಿಸಿಯಾಕ್’ ಆಲ್ಬಮ್ಮೇ ಈ ಪ್ರಯೋಗಕ್ಕೆ ಮಾದರಿ. ಅದನ್ನು ಈನೋ, ಬರ್ನ್ ಮುಚ್ಚಿಡಲಿಲ್ಲ. ಪತ್ರಿಕೆಗಳಿಗೆ ಆಲ್ಬಮ್ ಕಳಿಸುವಾಗ ಆಫ್ರಿಕನ್ ಸಂಗೀತದ ಬಗ್ಗೆ ಓದಬೇಕಾದ ಪುಸ್ತಕಗಳ ಪಟ್ಟಿಯನ್ನೂ ಕಳಿಸಿದರು. ಇದು ಆಗ ಹಲವರಿಗೆ ಜಂಬವಾಗಿ ಕಂಡಿತು. ನನಗೆ ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ. ಸಾಲ ಮಾಡಿ, ಕೊಟ್ಟವರ ಹೆಸರು ಹೇಳುವವರು ಆ ಉದ್ಯಮದಲ್ಲಿ ಎಷ್ಟು ಜನರಿದ್ದರು?

ವಿಪರ್ಯಾಸ ಇರುವುದು ಬೇರೆ ಕಡೆ. ಸಂಜೆ ಪಾಳಿ ಅವರು ಹೊಗಳಿದ ಎಂಟಿವಿ ಆ ದಿನಗಳಲ್ಲಿ ಕಪ್ಪು ಕಲಾವಿದರನ್ನು ಹೆಚ್ಚೂಕಡಿಮೆ ತೋರಿಸುತ್ತಲೇ ಇರಲಿಲ್ಲ. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಕೂತು ಏಕೆ ಹೀಗೆ ಎಂದು ನಿರೂಪಕರನ್ನೇ ಕೇಳಿದ್ದರು. ನೈಜೀರಿಯಾದ ಲಾಗೋಸ್‌ನ ಲಯ ಬಿಳಿಯ ಮುಖ ಹೊತ್ತು ಬಂದಾಗ ಮನೆಯೊಳಕ್ಕೆ ಕರೆದರು, ತನ್ನ ಮುಖದಲ್ಲೇ ಬಂದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ತಪ್ಪು ತಂಡದ್ದಲ್ಲ. ಆದರೆ ಈ ಹಾಡಿನ ಸ್ವಾಗತದ ಬಗ್ಗೆ ಮಾತಾಡುವಾಗ ಇದನ್ನು ಬಿಡುವಂತಿಲ್ಲ.

ಇನ್ನೊಂದು ಕಡೆಯಿಂದ ಕೇಳಿ. ಬೆನಿನ್ ದೇಶದ ಗಾಯಕಿ ಆಂಜೆಲಿಕ್ ಕಿಜೋ 1983ರಲ್ಲಿ ಪ್ಯಾರಿಸ್‌ಗೆ ಬಂದಾಗ ಈ ಹಾಡು ಕಿವಿಗೆ ಬಿತ್ತು. ಯಾರು ಹಾಡಿದ್ದೆಂದು ಗೊತ್ತಿಲ್ಲದೆಯೇ ಇದರಲ್ಲಿ ಆಫ್ರಿಕಾ ಇದೆ ಎಂದು ಆಕೆ ಗುರುತಿಸಿದರು. ಸುತ್ತಲಿದ್ದವರು ಅಲ್ಲ, ಇದು ರಾಕ್ ಎಂದರು. 2018ರಲ್ಲಿ ಆಕೆ ‘ರಿಮೇನ್ ಇನ್ ಲೈಟ್’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತಾವೇ ಹಾಡಿ ಹೊರತಂದರು. ಅದರಲ್ಲಿ ಫೇಲಾ ಅವರ ಡ್ರಮ್ಸ್ ವಾದಕ ಟೋನಿ ಅಲೆನ್ ಕೂಡ ನುಡಿಸಿದ್ದಾರೆ. ಈ ಹಾಡಿನ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಯಾವುದೆಂದರೆ ನಾನು ಆ ಆಲ್ಬಮ್ಮನ್ನೇ ತೋರಿಸುತ್ತೇನೆ. ಪತ್ರಿಕೆಯವರು ಬರೆದದ್ದು ಆಮೇಲೆ.

ಖಂಡಚಾಪು

ಅರಳೀಕಟ್ಟೆ ಅವರ ಮಾತಿಗೆ ಒಂದು ತೊಡಕು. ಬರ್ನ್ ಒಂದು ಕಡೆ, ನಾವು ಫಂಕ್ ನುಡಿಸಲು ಹೋಗಿ ಸೋತೆವು, ಸೋತದ್ದರಿಂದ ಬೇರೇನೋ ಹುಟ್ಟಿತು ಎಂಬರ್ಥದಲ್ಲಿ ಹೇಳಿದ್ದಾರೆ. ಅದು ಸೌಜನ್ಯದ ಮಾತಲ್ಲ, ಅಕ್ಷರಶಃ ನಿಜ. ಟೋನಿ ಅಲೆನ್ ಅವರ ಕೈಯಲ್ಲಿ ನಾಲ್ಕೂ ಕೈಕಾಲು ನಾಲ್ಕು ಮಾತಾಡುತ್ತವೆ. ಫ್ರಾಂಟ್ಸ್ ಹಾಗೆ ನುಡಿಸುವುದಿಲ್ಲ, ಗಡಿಯಾರದಂತೆ ನೇರ ನುಡಿಸುತ್ತಾರೆ. ಕಿಜೋ ಅವರ ಆವೃತ್ತಿ ಹೆಚ್ಚು ಸಮೃದ್ಧ, ಒಪ್ಪುತ್ತೇನೆ. ಆದರೆ ಅಲ್ಲಿ ಆ ಗಾಬರಿ ಇಲ್ಲ. ಆಕೆ ಆ ಲಯದೊಳಗೇ ಹುಟ್ಟಿ ಬೆಳೆದವರು, ಗಾಬರಿಯಾಗಲು ಕಾರಣವೇ ಇಲ್ಲ. ಮೂಲದಲ್ಲಿ ನಾಲ್ವರು ಹೊರಗಿನವರು ತಮ್ಮದಲ್ಲದ ನೆಲದ ಮೇಲೆ ಬೀಳದಂತೆ ನಿಲ್ಲಲು ಒದ್ದಾಡುತ್ತಿದ್ದಾರೆ. ಅದೇ ಹಾಡಿನ ವಸ್ತುವೂ ಆಯಿತು.

ಸಂಜೆ ಪಾಳಿ

ಇದು ಚೆನ್ನಾಗಿದೆ. ಆದರೆ ಗಿಟಾರಿನ ಬಿಲ್ಯೂ, ಗಾಯಕಿ ನೋನಾ ಹೆಂಡ್ರಿಕ್ಸ್ ಮೊದಲಾದವರನ್ನು ಸೇರಿಸಿದರೆ ಆಲ್ಬಮ್‌ನಲ್ಲಿ ಇದ್ದವರು ನಾಲ್ವರಷ್ಟೇ ಅಲ್ಲ.

ಅರಳೀಕಟ್ಟೆ

ಖಂಡಚಾಪು ಅವರೇ, ಹೊರಗಿನವರ ಒದ್ದಾಟವೇ ಕಲೆ, ಒಳಗಿನವರ ಸಹಜತೆ ಬರೀ ಸಮೃದ್ಧಿ ಎಂದರೆ ಬಹುಮಾನ ಯಾವಾಗಲೂ ಸಾಲ ತಂದವರಿಗೇ ಹೋಗುತ್ತದೆ. ಈ ತರ್ಕವನ್ನು ನಾನು ಒಪ್ಪಲಾರೆ.

ಹಳೆಯ ರೆಕಾರ್ಡು

ಸಾಲದ ಮಾತು ಬಂದದ್ದರಿಂದ ತಂಡದೊಳಗಿನ ಸಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಾಡುಗಳು ಕೂಡಿ ಮಾಡಿದವು, ಹೆಸರುಗಳೂ ಸಮನಾಗಿ ಇರಬೇಕೆಂದು ಮಾತಾಗಿತ್ತು. ಆಲ್ಬಮ್ ಅಚ್ಚಾಗಿ ಬಂದಾಗ ಹೊದಿಕೆಯ ಮೇಲೆ ಇದ್ದದ್ದು: ಎಲ್ಲ ಹಾಡುಗಳು ಡೇವಿಡ್ ಬರ್ನ್, ಬ್ರಯನ್ ಈನೋ, ಟಾಕಿಂಗ್ ಹೆಡ್ಸ್ ಅವರಿಂದ. ಅಂದರೆ ಇಬ್ಬರಿಗೆ ಹೆಸರು, ಮೂವರಿಗೆ ಸಂಘದ ಸದಸ್ಯತ್ವ. ಬೇಸ್ ಸಾಲನ್ನು ಕೂಗಿ ಹುಟ್ಟಿಸಿದ ಫ್ರಾಂಟ್ಸ್, ಅದನ್ನು ನುಡಿಸಿದ ಟೀನಾ, ಆರ್ಗನ್ ಏರಿಸಿದ ಹ್ಯಾರಿಸನ್ ಇವರೆಲ್ಲ ಮೂರನೆಯ ಪದದೊಳಗೆ. ಮುಂದಿನ ಮುದ್ರಣಗಳಲ್ಲಿ ತಿದ್ದಿದರು, ಕಹಿ ಮಾತ್ರ ಉಳಿಯಿತು. 2020ರಲ್ಲಿ ಫ್ರಾಂಟ್ಸ್ ಬರೆದ ಆತ್ಮಕಥೆಯಲ್ಲೂ ಅದು ತಣ್ಣಗಾಗಿಲ್ಲ. ನಲವತ್ತು ವರ್ಷದ ವಿಮರ್ಶೆ ಆ ಮೊದಲ ಮುದ್ರಣದ ಹೊದಿಕೆಯನ್ನೇ ನಕಲು ಮಾಡಿಕೊಂಡು ಬಂದಿದೆ ಎನ್ನುವುದು ನನ್ನ ದೂರು.

ಕೊನೆಯ ಬೆಂಚು

ದೂರು ನ್ಯಾಯವಾದದ್ದೇ. ಹೊದಿಕೆಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಹಾಡಿನ ವಿಷಯದಲ್ಲಿ ಅಲ್ಲ.

ಹೊಸಬಳು

ನಾನು ಈ ಹಾಡನ್ನು ಮೊದಲು ಕೇಳಿದ್ದು ರ‍್ಯಾಪರ್ ಜೇ-ಝಿ ಅವರ 1998ರ ‘ಇಟ್ಸ್ ಆಲ್‌ರೈಟ್’ ಮೂಲಕ, ಅದರಲ್ಲಿ ಇದರ ತುಣುಕಿದೆ. ಮೂಲವನ್ನು ಈಗಷ್ಟೇ ಕೇಳುತ್ತಿದ್ದೇನೆ. ಸ್ಟುಡಿಯೊದ್ದು ಕೇಳಲೋ, ಈ ತಂಡದ ನೇರ ಪ್ರದರ್ಶನದ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಚಿತ್ರದ್ದು ಕೇಳಲೋ? ದೊಡ್ಡ ಸೂಟ್ ಹಾಕಿಕೊಂಡು ಹಾಡುವುದು ಇದೇ ಹಾಡಲ್ಲವೇ?

ಸಂಜೆ ಪಾಳಿ

ಅಲ್ಲ. ದೊಡ್ಡ ಸೂಟ್ ಚಿತ್ರದಲ್ಲಿ ಬರುವುದು ಇದಾದ ಮೇಲೆ, ‘ಗರ್ಲ್‌ಫ್ರೆಂಡ್ ಈಸ್ ಬೆಟರ್’ ಹಾಡಿಗೆ. ಬಹಳ ಜನ ಎರಡನ್ನೂ ಕಲಸಿಕೊಳ್ಳುತ್ತಾರೆ.

ಚಿತ್ರ 1984ರದು, ನಿರ್ದೇಶಕ ಜೊನಾಥನ್ ಡೆಮ್ಮಿ. ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದಲ್ಲಿ 1983ರ ಡಿಸೆಂಬರಿನಲ್ಲಿ ಚಿತ್ರೀಕರಿಸಿದ್ದು. 2023ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ನೋಡಿದೆ. ಅದರಲ್ಲಿ ಫಂಕ್ ತಂಡ ಪಾರ್ಲಿಮೆಂಟ್-ಫಂಕಡೆಲಿಕ್‌ನ ಬರ್ನಿ ವರೆಲ್ ಕೀಬೋರ್ಡಿನಲ್ಲಿದ್ದಾರೆ, ಲಿನ್ ಮೇಬ್ರಿ ಮತ್ತು ಎಡ್ನಾ ಹೋಲ್ಟ್ ಜೊತೆಗೆ ಹಾಡುತ್ತಾರೆ. ಫಂಕ್ ನುಡಿಸಲು ಸೋತೆವು ಎಂದವರು ಈ ಬಾರಿ ಫಂಕ್ ಬಲ್ಲವರನ್ನೇ ಕರೆತಂದಿದ್ದರು. ಅಂದಹಾಗೆ ಹಾಟ್ 100ರೊಳಗೆ ಹಾಡು ಕೊನೆಗೂ ಹೊಕ್ಕದ್ದು ಈ ನೇರ ಪ್ರದರ್ಶನದ ಆವೃತ್ತಿಯಿಂದಲೇ, 1986ರಲ್ಲಿ. ಸ್ಥಾನ 91!

ಖಂಡಚಾಪು

ಹೊಸಬಳು ಅವರೇ, ಮೊದಲು ಸ್ಟುಡಿಯೊದ್ದನ್ನು ಇಯರ್‌ಫೋನ್ ಹಾಕಿ ಕೇಳಿ, ಬರ್ನ್ ಕಡೆಗೆ ಗಮನ ಕೊಡದೆ ಬೇಸ್ ಒಂದನ್ನೇ ಹಿಡಿದುಕೊಂಡು. ಆಮೇಲೆ ಕಿಜೋ. ಚಿತ್ರ ಕೊನೆಗೆ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ.

ಅರಳೀಕಟ್ಟೆ

ಆ ಕ್ರಮ ಬೇಡ. ಮೊದಲು ‘ಅಫ್ರೋಡಿಸಿಯಾಕ್’ ಕೇಳಿ, ಆಮೇಲೆ ಇವರ ಜಗಳಕ್ಕೆ ಬನ್ನಿ.